ಬೀಗಿತ್ತಿಯ ಮೊಣಕೈ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಹಾರ್ನಕ್ಕ ಅಂತಲೇ ಕರೆಯುತ್ತಿದ್ದರು. ಒಂದು ಸಲ ಬಸ್ಸಿನ ಹಾರ್ನ್ ಕೆಟ್ಟುಹೋಗಿದ್ದಾಗ ಕಿಟಕಿಯಿಂದ ತಲೆ ಹೊರಹಾಕಿ ಅವಳು ಕೂಗಿದ ಕೂಗಿಗೆ ಮುಂದಿದ್ದ ಲಾರಿ ಬೆಚ್ಚಿಬಿದ್ದು ಪಕ್ಕಕ್ಕೆ ಸರಿದಿತ್ತು. ಅವತ್ತಿನಿಂದ ಆ ಹೆಸರು ಅಂಟಿಕೊಂಡಿತು. ಅವಳಿಗೂ ಅದರ ಬಗ್ಗೆ ಒಳಗೊಳಗೇ ಹೆಮ್ಮೆ. ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ ಸ್ಟೇರಿಂಗ್ ಹಿಡಿದವಳು, ಮಗಳ ಮದುವೆಯಾಗಿ ವರ್ಷಗಳಾದರೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟಳು. ಬಲಗಡೆಯ ಸೊಂಟದ ಹಿಂದಿನಿಂದ ಹಿಮ್ಮಡಿಯವರೆಗೆ ಯಾರೋ ಕಾದ ತಂತಿಯನ್ನು ಎಳೆದ ಹಾಗಾಯಿತು. ಅಡ್ಡಾದಿಡ್ಡಿ ಮಲಗಿದ್ದಕ್ಕೆ ಉಳುಕಿರಬೇಕು ಅಂದುಕೊಂಡು ಮುಲಾಮು ತಿಕ್ಕಿಕೊಂಡು ಕೆಲಸಕ್ಕೆ ಹೋದಳು. ಮಾರನೇ ದಿನವೂ ಹೋದಳು. ಸೀಟಿನಲ್ಲಿ ಒಂದು ಪೃಷ್ಠದ ಮೇಲೆ ಕೂತು, ಇನ್ನೊಂದನ್ನು ಗಾಳಿಯಲ್ಲಿ ತೇಲಿಸಿಕೊಂಡು ಬಸ್ಸು ಓಡಿಸಿದಳು. ಕಂಡಕ್ಟರು ಅವಳ ಜೊತೆ ಎಷ್ಟೋ ವರ್ಷ ಕೆಲಸ ಮಾಡಿದವನು, ಒಂದು ಮಾತಿಗೆ ಹತ್ತು ಮಾತು ಸೇರಿಸುವವನು. "ಏನಕ್ಕಾ, ಸೀಟಲ್ಲಿ ಅರ್ಧ ಜಾಗ ನನಗೆ ಬಿಟ್ಟಿದ್ದೀಯಾ?" ಅಂದ. ಎಂದಿನಂತೆ ತಿರುಗಿಸಿ ಹೇಳುವ ಬದಲು ಅವಳು ಬರೀ ಗೇರು ಹಾಕಿದಳು.

ಆಮೇಲೊಂದು ದಿನ ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ ಬ್ರೇಕಿನ ಮೇಲಿದ್ದ ಪಾದ ಜೋಮು ಹಿಡಿದಂತಾಯಿತು. ಹಸಿರು ದೀಪ ಬಂತು. ಹಿಂದಿನ ವಾಹನಗಳು ಬೊಬ್ಬೆ ಹಾಕಿದವು. ಹೇಗೋ ಬಸ್ಸನ್ನು ಮುಂದಿನ ನಿಲ್ದಾಣದವರೆಗೆ ಒಯ್ದು ನಿಲ್ಲಿಸಿ, ಎಂಜಿನ್ ಆರಿಸಿ, ಕೈಬ್ರೇಕ್ ಹಾಕಿ, ಕಂಡಕ್ಟರನ್ನು ಕರೆದಳು. "ಬೇರೆ ಡ್ರೈವರನ್ನ ಕರೆಸು. ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ." ಮೆಲ್ಲಗೆ ಹೇಳಿದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ಕೇಳಿ ಕಂಡಕ್ಟರು ಹೆದರಿಬಿಟ್ಟ.

ಡಿಪೋದ ಡಾಕ್ಟರಮ್ಮ ಅವಳನ್ನು ಅಂಗಾತ ಮಲಗಿಸಿ, ನೆಟ್ಟಗೆ ಕಾಲೆತ್ತಿ, ಹೆಬ್ಬೆರಳು ಮೇಲಕ್ಕೆ ತಳ್ಳಿಸಿ, ಸುತ್ತಿಗೆಯಿಂದ ಮಂಡಿ ತಟ್ಟಿ ನೋಡಿದರು. ಪಾದದಲ್ಲಿ ಶಕ್ತಿ ಇದೆ, ಆಪರೇಷನ್ನಿನ ಮಾತೇ ಬೇಡ ಅಂದರು. "ಸಯಾಟಿಕ್ ನರ ಅಂತ ಇದೆ. ಸೊಂಟದಿಂದ ಹೊರಟು ಪೃಷ್ಠದೊಳಗಿಂದ ಹಾದು ಕಾಲಿಗಿಳಿಯುತ್ತೆ. ವರ್ಷಗಟ್ಟಲೆ ಕೂತೂ ಕೂತೂ ನಿನ್ನ ಅಲ್ಲಿನ ಮಾಂಸಖಂಡ ಮುಷ್ಟಿ ಕಟ್ಟಿಕೊಂಡಿದೆ. ಆ ಮುಷ್ಟಿ ನರವನ್ನ ಹಿಡಿದು ಹಿಂಡ್ತಿದೆ. ಸ್ವಲ್ಪ ದಿನ ಮಾತ್ರೆ ತಗೋ. ನಡಿ, ನಾನು ಹೇಳಿಕೊಟ್ಟ ವ್ಯಾಯಾಮ ಮಾಡು. ಗೊತ್ತಿರೋರ ಹತ್ತಿರ ಮಸಾಜ್ ಮಾಡಿಸ್ಕೋ. ನಿಂಗೆ ಬೇಗ ಹಗುರಾಗುತ್ತೆ."

"ಬಸ್ಸು?"

"ನೋವಿಲ್ಲದೆ ಕೂತು ಬ್ರೇಕ್ ಒತ್ತೋವರೆಗೂ ಬಸ್ಸಿಲ್ಲ."

ಹೀಗೆ ಹಾರ್ನಕ್ಕ ಡಿಪೋದ ಹಿಂದುಗಡೆಯ ಕೋಣೆಗೆ ಬಂದಳು. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆ ಅದು. ಕೂರುವ ಅಗತ್ಯವಿಲ್ಲ, ನಿಂತುಕೊಂಡೇ ಕೆಲಸ. ಗೋಡೆಗೆ ಒರಗಿಸಿದ ಕೊಡೆಗಳು, ಒಂಟಿ ಚಪ್ಪಲಿಗಳು, ಮಕ್ಕಳ ನೀರಿನ ಬಾಟಲಿಗಳು, ಯಾರದೋ ಹಲ್ಲಿನ ಸೆಟ್ಟು. ಹೊರಗೆ ತನ್ನ ಬಸ್ಸು ಬೇರೆ ಯಾರದೋ ಕೈಯಲ್ಲಿ ಗೇಟು ದಾಟುವ ಸದ್ದು ಕೇಳಿದಾಗಲೆಲ್ಲ, ಮರೆತು ಬಿಟ್ಟುಹೋದ ಸಾಮಾನುಗಳ ಸಾಲಿನಲ್ಲಿ ತಾನೂ ಒಂದು ಅನಿಸುತ್ತಿತ್ತು.

"ಅಮ್ಮಾ, ಮಸಾಜಿಗೆ ಊರೆಲ್ಲ ಯಾಕೆ ಹುಡುಕ್ತೀಯ? ಅದೇ ಕೆಲಸ ಮಾಡೋ ನಮ್ಮತ್ತೆ ಇದಾರಲ್ಲ!" ಅಂದಳು ಮಗಳು.

"ನಿಮ್ಮತ್ತೆಯ ಕೈಗೆ ಬೀಳೋದಕ್ಕಿಂತ ಈ ನೋವೇ ವಾಸಿ."

ಅದಕ್ಕೊಂದು ಕಾರಣವಿತ್ತು. ಮಗಳ ಮದುವೆಯ ಮಾತುಕತೆಗೆ ಮುಂಚೆ, ಒಂದು ಬೆಳಿಗ್ಗೆ, ನಿಲ್ದಾಣದಿಂದ ಬಸ್ಸು ಹೊರಟಾಗ ಚೀಲ ಹಿಡಿದ ಹೆಂಗಸೊಬ್ಬಳು ಕೈಬೀಸುತ್ತ ಓಡಿಬರುತ್ತಿದ್ದದ್ದು ಹಾರ್ನಕ್ಕನಿಗೆ ಪಕ್ಕದ ಕನ್ನಡಿಯಲ್ಲಿ ಕಂಡಿತ್ತು. ಹೊತ್ತಾಗಿತ್ತು. ಬಾಗಿಲು ಮುಚ್ಚಿ ಹೊರಟೇಬಿಟ್ಟಳು. ಅದೇ ಭಾನುವಾರ ಹುಡುಗನ ಮನೆಗೆ ಹೋದರೆ ಬಾಗಿಲು ತೆಗೆದವಳು ಅದೇ ಹೆಂಗಸು. ಹುಡುಗನ ತಾಯಿ.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ," ಅಂದಿದ್ದಳು ಹಾರ್ನಕ್ಕ, ಬೆವರುತ್ತ.

"ಕನ್ನಡಿಯಲ್ಲಿ ನೋಡಿರ್ತೀರಿ," ಅಂದಿದ್ದಳು ಅವಳು.

ಮದುವೆ ನಡೆಯಿತು. ಮಕ್ಕಳು ಸುಖವಾಗಿದ್ದರು. ಆದರೆ ತಾಯಂದಿರಿಬ್ಬರ ನಡುವೆ ಆ ಬಸ್ಸಿನ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಎದುರಾದಾಗಲೆಲ್ಲ "ಬನ್ನಿ ಬೀಗರೇ", "ಕೂತ್ಕೊಳ್ಳಿ ಬೀಗರೇ", ಅಲ್ಲಿಗೆ ಮುಗಿಯಿತು. ಊರಿಗೆಲ್ಲ ಕೇಳುವ ಹಾಗೆ ಕೂಗುವ ಹಾರ್ನಕ್ಕನ ಬಾಯಿಗೆ ಬೀಗ ಹಾಕಬಲ್ಲವರು ಬೀಗರು ಮಾತ್ರ ಎಂದು ಅಳಿಯನೇ ನಗುತ್ತಿದ್ದ.

ಆದರೆ ನೋವಿಗೆ ಮಾನ ಮರ್ಯಾದೆ ಎಲ್ಲಿಯದು? ಒಂದು ದಿನ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದವಳಿಗೆ ಏಳಲಾಗಲಿಲ್ಲ. ಗೋಡೆ ಹಿಡಿದು ನಿಂತು ಕಣ್ಣೀರು ಒರೆಸಿಕೊಂಡು, ತಾನೇ ಫೋನ್ ಮಾಡಿದಳು. "ಬೀಗರೇ, ನಿಮ್ಮ ಹತ್ತಿರ ಸಮಯ ಇದೆಯಾ?"

ಬೀಗಿತ್ತಿಯ ಕೆಲಸದ ಕೋಣೆ ಒಂದು ಇಸ್ತ್ರಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಬಿಸಿ ಬಟ್ಟೆಯ ವಾಸನೆ. ಒಳಗೆ ಎತ್ತರದ ಕಿರಿದಾದ ಮಂಚ, ಅದರ ಒಂದು ತುದಿಯಲ್ಲಿ ಮುಖ ಇಡಲು ದುಂಡನೆ ತೂತು. ಮಡಿಸಿಟ್ಟ ಟವೆಲುಗಳು. ಬಿಸಿನೀರಿನ ಬಟ್ಟಲಿನಲ್ಲಿ ಮುಳುಗಿಸಿಟ್ಟ ಎಣ್ಣೆಯ ಸೀಸೆ. ಬೀಗಿತ್ತಿ ನೋಡಲು ಸಣಕಲು. ಆದರೆ ತೋಳುಗಳು ಮಾತ್ರ ಹಗ್ಗ ಹೊಸೆದ ಹಾಗಿದ್ದವು.

ಅವಳು ತಕ್ಷಣ ಕೈ ಹಾಕಲಿಲ್ಲ. ಡಾಕ್ಟರು ಏನೆಂದರು ಎಂದು ಮೊದಲು ಕೇಳಿದಳು. ಪಾದ ಎತ್ತಲು ಆಗುತ್ತದೆಯೇ, ಎಲ್ಲಾದರೂ ಮರಗಟ್ಟಿದೆಯೇ, ಮೂತ್ರಕ್ಕೆ ಹೋಗಲು ತೊಂದರೆ ಇದೆಯೇ ಎಂದೆಲ್ಲ ವಿಚಾರಿಸಿದಳು. ನಡೆಸಿ ನೋಡಿದಳು. ಆಮೇಲೆ ಹೊಟ್ಟೆಯ ಕೆಳಗೊಂದು, ಕಣಕಾಲಿನ ಕೆಳಗೊಂದು ದಿಂಬು ಕೊಟ್ಟು ಬೋರಲು ಮಲಗಿಸಿದಳು. ತೂತಿನಲ್ಲಿ ಮುಖವಿಟ್ಟ ಹಾರ್ನಕ್ಕನಿಗೆ ಕಂಡದ್ದು ಬೀಗಿತ್ತಿಯ ಪಾದಗಳು ಮಾತ್ರ. ಅವಳು ಕೆಂಪು ಚುಕ್ಕಿಯ ಕಾಲುಚೀಲ ಹಾಕಿಕೊಂಡಿದ್ದಳು. ಇಷ್ಟು ಬಿಗುವಿನ ಹೆಂಗಸಿಗೆ ಇಂಥ ಕಾಲುಚೀಲವೇ ಎಂದು ಹಾರ್ನಕ್ಕನಿಗೆ ಆಶ್ಚರ್ಯವಾಯಿತು.

ಬೆಚ್ಚನೆಯ ಎಣ್ಣೆ ಸೊಂಟದ ಮೇಲೆ ಬಿತ್ತು. ಅಂಗೈಗಳು ನಿಧಾನವಾಗಿ ಸೊಂಟದಿಂದ ತೊಡೆಯವರೆಗೆ ಸರಿದವು, ಮತ್ತೆ ಮೇಲೆ ಬಂದವು. ಅಷ್ಟೇ, ಮತ್ತೆ ಮತ್ತೆ ಅಷ್ಟೇ.

"ಇಷ್ಟೇನಾ ಬೀಗರೇ? ಬೆಕ್ಕನ್ನ ಸವರಿದ ಹಾಗಿದೆ," ಅಂದಳು ಹಾರ್ನಕ್ಕ ತೂತಿನೊಳಗಿಂದ.

"ಬೆಕ್ಕಾದರೆ ಸುಮ್ಮನೆ ಮಲಗಿರುತ್ತೆ," ಅಂದವು ಕೆಂಪು ಚುಕ್ಕಿಗಳು.

ಹಾರ್ನಕ್ಕನ ಬಿಗಿದುಕೊಂಡಿದ್ದ ಬೆನ್ನು ಒಂದೊಂದೇ ಗುಂಡಿ ಬಿಚ್ಚಿದಂತೆ ಸಡಿಲವಾಗತೊಡಗಿತು. ಆಗ ಬೀಗಿತ್ತಿಯ ಹೆಬ್ಬೆರಳು ಪೃಷ್ಠದ ನಡುಮಧ್ಯೆ ಹುದುಗಿದ್ದ ಒಂದು ಗಂಟನ್ನು ಹುಡುಕಿ ತೆಗೆಯಿತು. "ಇಲ್ಲಿದಾನೆ ಕಳ್ಳ," ಅಂದಳು. "ಈಗ ಮೊಣಕೈ ಇಡ್ತೀನಿ. ಕಾಲಿಗೆ ಕರೆಂಟು ಹೊಡೆದ ಹಾಗಾದ್ರೆ ತಕ್ಷಣ ಹೇಳಿ, ಅಲ್ಲಿ ಒತ್ತಬಾರದು. ಬರೀ ನೋವಾದ್ರೆ ಉಸಿರು ಬಿಡಿ."

ಮೊಣಕೈ ಇಳಿಯಿತು. ಕರೆಂಟು ಹೊಡೆಯಲಿಲ್ಲ. ಹಾರ್ನಕ್ಕ ಉಸಿರನ್ನೇನೋ ಬಿಟ್ಟಳು, ಆದರೆ ಉಸಿರಿನ ಜೊತೆ ಅವಳ ಹೆಸರಿಗೆ ಕಾರಣವಾಗಿದ್ದ ಆ ದನಿಯೂ ಹೊರಟಿತು. ಕೆಳಗಿನ ಇಸ್ತ್ರಿ ಅಂಗಡಿಯವನು ಕೈಯಲ್ಲಿ ಯಾರದೋ ಅರ್ಧ ಇಸ್ತ್ರಿಯಾದ ಪ್ಯಾಂಟು ಹಿಡಿದುಕೊಂಡೇ ಮೆಟ್ಟಿಲು ಹಾರಿಬಂದು ಬಾಗಿಲು ಬಡಿದ. "ಅಮ್ಮಾ! ಯಾರಿಗೇನಾಯ್ತು?"

"ಏನಿಲ್ಲಪ್ಪಾ, ನಮ್ಮ ಬೀಗರು ಉಸಿರು ಬಿಟ್ಟರು," ಅಂದಳು ಬೀಗಿತ್ತಿ.

"ಅಯ್ಯೋ ದೇವರೇ, ಯಾವಾಗ?" ಅಂದ ಅವನು.

ಹಾರ್ನಕ್ಕನಿಗೆ ನಗು ತಡೆಯಲಾಗಲಿಲ್ಲ. ಬೋರಲು ಮಲಗಿಯೇ ನಕ್ಕಳು. ಮಂಚ ಗಡಗಡ ಅಲುಗಿತು. ಕೆಂಪು ಚುಕ್ಕಿಯ ಪಾದಗಳೂ ಅಲುಗುತ್ತಿದ್ದವು. ಬೀಗಿತ್ತಿ ಮಂಚಕ್ಕೊರಗಿ, ದನಿಯಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಂಬಂಧ ಬೆಳೆಸಿದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆ ದಿನ ಹಾರ್ನಕ್ಕ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದಳು. ಮಾರನೆಯ ಬೆಳಿಗ್ಗೆ ನೋವು ಮತ್ತೆ ಹಾಜರ್. ಫೋನ್ ಮಾಡಿ ದೂರಿದಳು. "ಒಂದೇ ಸಲಕ್ಕೆ ಹೋಗೋದಕ್ಕೆ ಅದೇನು ಹೊಸ ಬಾಡಿಗೆದಾರನಾ? ವರ್ಷಗಟ್ಟಲೆ ಬೀಡು ಬಿಟ್ಟಿದೆ. ವ್ಯಾಯಾಮ ಮಾಡಿದ್ರಾ? ನಡೆದ್ರಾ?" ಅಂದಳು ಬೀಗಿತ್ತಿ. ವ್ಯಾಯಾಮ ಆಗಿತ್ತು, ನಡಿಗೆ ಆಗಿರಲಿಲ್ಲ. ಗೊತ್ತುಗುರಿಯಿಲ್ಲದೆ ನಡೆಯುವುದೆಂದರೆ ಬಸ್ಸಿನವಳಿಗೆ ಪ್ರಯಾಣಿಕರಿಲ್ಲದೆ ಟ್ರಿಪ್ ಹೊಡೆದ ಹಾಗೆ.

ಅಲ್ಲಿಂದಾಚೆ ವಾರಕ್ಕೆರಡು ಸಲ ಹೋಗುವುದು ರೂಢಿಯಾಯಿತು. ಮುಖ ಕಾಣದಿದ್ದರೆ ಮಾತು ಸಲೀಸು. ಒಂದು ಮಧ್ಯಾಹ್ನ ಹಾರ್ನಕ್ಕ ತೂತಿನೊಳಗಿಂದಲೇ ಕೇಳಿದಳು. "ಬೀಗರೇ, ಆವತ್ತು ಬಸ್ಸು ತಪ್ಪಿಸಿದ್ದು ನಾನೇ. ನಿಮಗೆ ಎಲ್ಲಿಗೆ ಹೋಗೋದಿತ್ತು?"

ಕೈಗಳು ನಿಂತವು. ಆಮೇಲೆ ಮತ್ತೆ ಸರಿದವು.

"ಡ್ರೈವಿಂಗ್ ಕಲಿಯೋಕೆ. ಮೊದಲನೇ ಕ್ಲಾಸು. ಮಗನಿಗೂ ಹೇಳಿರಲಿಲ್ಲ. ಅವರಪ್ಪ ಇದ್ದಾಗ ನಾನು ಕಾರು ಕಲೀತೀನಿ ಅಂದ್ರೆ ನಕ್ಕು ಸಾಯೋರು. ಬಸ್ಸು ತಪ್ಪಿತು, ಮನೆಗೆ ಹೋದೆ. ಆಮೇಲೆ ಹೋಗಲೇ ಇಲ್ಲ."

"ಅಯ್ಯೋ, ನನ್ನಿಂದ—"

"ಪೂರ್ತಿ ಕೇಳಿ." ಬೀಗಿತ್ತಿಯ ದನಿ ಸಣ್ಣದಾಯಿತು. "ನಾನು ಓಡಿದ್ದು ನಿಧಾನಕ್ಕೇ. ನಿಮ್ಮ ಬಸ್ಸು ಹೋಗಿಬಿಡಲಿ ಅಂತ ಬೇಡಿಕೊಂಡೇ ಓಡಿದ್ದು. ಅಷ್ಟು ಹೆದರಿಕೆ. ನೀವು ಬಾಗಿಲು ಹಾಕಿದಾಗ ಜೀವ ಬಂದ ಹಾಗಾಯ್ತು. ಆಮೇಲೆ ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟೋದು ಸುಲಭ ಆಯ್ತು ನೋಡಿ."

ಹಾರ್ನಕ್ಕ ತಲೆ ಎತ್ತಿ ತಿರುಗಿ ನೋಡಿದಳು. ಅವಳ ಹಣೆಯ ಮೇಲೆ ತೂತಿನ ಅಂಚಿನ ದುಂಡು ಗುರುತು ಮೂಡಿತ್ತು. "ಇಷ್ಟು ವರ್ಷ ನಾನು ನಿಮ್ಮೆದುರು ಕಳ್ಳನ ಹಾಗೆ ತಲೆ ತಗ್ಗಿಸ್ಕೊಂಡು ಓಡಾಡಿದ್ದೀನಿ!"

"ನೋಡ್ತಿದ್ದೆ. ಚೆನ್ನಾಗಿತ್ತು," ಅಂದಳು ಬೀಗಿತ್ತಿ.

"ಆಯ್ತು. ನಾನೇ ಕಲಿಸ್ತೀನಿ."

"ನಿಮಗೆ ಕೂರೋದಕ್ಕೇ ಆಗಲ್ಲ."

"ನಾನ್ಯಾಕೆ ಕೂರಲಿ? ನೀವು ಕೂತು ಓಡಿಸಿ, ನಾನು ಪಕ್ಕದಲ್ಲಿ ನಡೀತೀನಿ. ನಡೀಬೇಕು ಅಂತ ನೀವೇ ತಾನೇ ಪ್ರಾಣ ತಿಂತಿರೋದು!"

ಭಾನುವಾರ ಡಿಪೋದ ಹಿಂದಿನ ಅಂಗಳ ಖಾಲಿ ಇರುತ್ತದೆ. ಅಳಿಯನ ಹಳೆಯ ಸಾಸಿವೆ ಬಣ್ಣದ ಪುಟ್ಟ ಕಾರು ಅಲ್ಲಿಗೆ ಬಂತು. ಬೀಗಿತ್ತಿ ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು, ಹೊಸ ಕನ್ನಡಕ ಹಾಕಿಕೊಂಡು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಳು. ಹಾರ್ನಕ್ಕ ಕಾರಿನ ಛಾವಣಿಯ ಮೇಲೆ ಒಂದು ಕೈ ಇಟ್ಟು, ಎಮ್ಮೆ ಹೊಡೆದುಕೊಂಡು ಹೋಗುವವಳ ಹಾಗೆ, ಪಕ್ಕದಲ್ಲೇ ಹೆಜ್ಜೆ ಹಾಕಿದಳು. ರಜೆಯಲ್ಲಿದ್ದ ಡ್ರೈವರುಗಳು, ಮೆಕ್ಯಾನಿಕ್ಕುಗಳು ಚಹಾ ಲೋಟ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ಕೂತರು. ಕಂಡಕ್ಟರು ಸೀಟಿ ತಂದಿದ್ದ. ಕಾರು ಒಂದು ಮೊಳ ಮುಂದೆ ಸರಿದರೆ "ರೈಟ್!" ಅನ್ನುವನು, ನಿಂತುಹೋದರೆ ಸೀಟಿ ಊದುವನು. ಮೊದಲ ಭಾನುವಾರ ಬರೀ ಸೀಟಿಯೇ ಕೇಳಿಸಿತು.

"ಕ್ಲಚ್ಚನ್ನ ಹೀಗೆ ದಬಕ್ ಅಂತ ಬಿಟ್ರೆ ಕಾರು ಕುಪ್ಪಳಿಸದೆ ಇನ್ನೇನು ಮಾಡುತ್ತೆ?" ಹಾರ್ನಕ್ಕ ಕೂಗಿದಳು. ಆಮೇಲೆ ಏನೋ ಹೊಳೆದು ಕಿಟಕಿಗೆ ಬಗ್ಗಿದಳು. "ನನ್ನ ಸೊಂಟಕ್ಕೆ ಮೊಣಕೈ ಇಡ್ತೀರಲ್ಲ, ಆಗ ಏನು ಮಾಡ್ತೀರಿ?"

"ಒತ್ತಲ್ಲ. ಭಾರ ಬಿಡ್ತೀನಿ. ಕೆಳಗಿನ ಮಾಂಸ ಒಪ್ಪಿಕೊಳ್ಳೋವರೆಗೂ ಕಾಯ್ತೀನಿ."

"ಅಷ್ಟೇ ರೀ! ಎಂಜಿನ್ ಒಪ್ಪಿಕೊಳ್ಳೋವರೆಗೂ ಕಾಯಿರಿ."

ಬೀಗಿತ್ತಿ ಕಣ್ಣು ಅರ್ಧ ಮುಚ್ಚಿ, ಪಾದವನ್ನು ಮೆಲ್ಲಗೆ ಮೇಲೆತ್ತಿದಳು. ಕಾರು ಎಣ್ಣೆ ಹಚ್ಚಿದ ಹಾಗೆ ಜಾರಿತು. ಕಟ್ಟೆಯ ಮೇಲಿದ್ದವರೆಲ್ಲ ಲೋಟ ಎತ್ತಿ ಕೂಗಿದರು. ಅಂಗಳದ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಕಾರು ಹೋಯಿತು, ಅದರ ಪಕ್ಕದಲ್ಲಿ ಹಾರ್ನಕ್ಕನೂ.

ಇಳಿಜಾರಿನ ಪಾಠದ ದಿನ ಕಾರು ಹಿಂದಕ್ಕೆ ಉರುಳತೊಡಗಿತು. ಹಾರ್ನಕ್ಕನಿಗೆ ಬೀಗತನ, ಬಹುವಚನ ಎಲ್ಲ ಮರೆತುಹೋಯಿತು. "ಏಯ್! ಬ್ರೇಕ್ ಹಾಕೇ!"

ಕಾರು ಗಕ್ಕನೆ ನಿಂತಿತು. ಕಂಡಕ್ಟರನ ಬಾಯಿಂದ ಸೀಟಿ ಕೆಳಗೆ ಬಿತ್ತು. ಬೀಗಿತ್ತಿ ಕಿಟಕಿಯಿಂದ ನಿಧಾನಕ್ಕೆ ತಲೆ ಹೊರಹಾಕಿದಳು.

"ಹಾಕಿದ್ನಲ್ಲೇ! ಯಾಕೆ ಹಾಗೆ ಅರಚ್ತೀಯ?"

ಆಮೇಲೆ ಯಾರೂ ಯಾರನ್ನೂ ಬೀಗರೇ ಅನ್ನಲಿಲ್ಲ.

ಎಲ್ಲವೂ ಮೇಲಕ್ಕೇ ಏರುತ್ತ ಹೋಯಿತು ಅಂತಲ್ಲ. ಒಂದು ದಿನ ಹಾರ್ನಕ್ಕ ಯಾರೋ ಬಿಟ್ಟುಹೋಗಿದ್ದ ಕಬ್ಬಿಣದ ಟ್ರಂಕನ್ನು ಹುಮ್ಮಸ್ಸಿನಲ್ಲಿ ಎತ್ತಿಬಿಟ್ಟಳು. ತಂತಿ ಮತ್ತೆ ಕಾಯಿತು, ಮೊದಲಿಗಿಂತ ಹೆಚ್ಚು. ಡಾಕ್ಟರಮ್ಮ ನೋಡಿ, ಹೊಸದೇನೂ ಇಲ್ಲ, ಮಾಂಸಖಂಡ ಮುನಿಸಿಕೊಂಡಿದೆ ಅಂದರು. ಮೇಲಿನ ಕೋಣೆಗೆ ಅವಳು ಮುಖ ಇಳಿಬಿಟ್ಟುಕೊಂಡು ಬಂದಳು. "ನಾನಿನ್ನು ಬಸ್ಸು ಹತ್ತಲ್ಲ ಬಿಡು. ಕೊಡೆ ಎಣಿಸ್ಕೊಂಡೇ ಮುದುಕಿ ಆಗ್ತೀನಿ."

ಬೀಗಿತ್ತಿ ಅವತ್ತು ಬೈಯಲಿಲ್ಲ, ಮೊಣಕೈಯನ್ನೂ ಇಡಲಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬು ಕೊಟ್ಟು, ಬಿಸಿ ಟವೆಲು ಹೊದಿಸಿ, ಅದರ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು. ಕೆಳಗೆ ಇಸ್ತ್ರಿಪೆಟ್ಟಿಗೆ ಬುಸ್ ಎಂದು ಹಬೆ ಬಿಡುತ್ತಿತ್ತು. ತುಂಬ ಹೊತ್ತಾದ ಮೇಲೆ ಹೇಳಿದಳು. "ಮೊದಲನೇ ಸಲ ಬಂದಾಗ ನಿನ್ನ ಸೊಂಟ ಕಲ್ಲಾಗಿತ್ತು. ಇವತ್ತು ನೋವಿದ್ರೂ ಮೆತ್ತಗಿದೆ. ನನ್ನ ಕೈಗೆ ಗೊತ್ತಾಗುತ್ತೆ. ಮಲಕ್ಕೋ." ಹಾರ್ನಕ್ಕ ನಿಜಕ್ಕೂ ನಿದ್ದೆಹೋದಳು. ಗೊರಕೆಗೆ ಇಸ್ತ್ರಿ ಅಂಗಡಿಯವನು ಈ ಸಲ ಮೇಲೆ ಬರಲಿಲ್ಲ. ಅವನಿಗೂ ರೂಢಿಯಾಗಿತ್ತು.

ಆ ಹಿನ್ನಡೆ ಒಂದೆರಡು ವಾರದಲ್ಲಿ ಕರಗಿತು. ಅಷ್ಟರಲ್ಲಿ ಬೀಗಿತ್ತಿಯ ಪರೀಕ್ಷೆ ಬಂತು. ಗೇರು, ತಿರುವು, ಹಿಂದೆ ತೆಗೆಯುವುದು ಎಲ್ಲವೂ ಅಚ್ಚುಕಟ್ಟು. ಆದರೂ ಫೇಲು. ಮುಖ ಕೆಂಪಗೆ ಮಾಡಿಕೊಂಡು ಬಂದಳು.

"ಯಾಕಂತೆ?" ಹಾರ್ನಕ್ಕ ಜಗಳಕ್ಕೆ ತೋಳೇರಿಸಿದಳು.

"ವೇಗ ಇಲ್ಲವಂತೆ. 'ಅಮ್ಮಾ, ಪಕ್ಕದಲ್ಲಿ ಯಾರಾದರೂ ನಡೀತಿದಾರಾ?' ಅಂತ ಕೇಳಿದರು. ಅಷ್ಟು ಹೊತ್ತಿಗೆ ಕೋಲೂರಿಕೊಂಡು ಹೋಗ್ತಿದ್ದ ತಾತ ಒಬ್ಬರು ನಮ್ಮ ಕಾರನ್ನ ದಾಟಿಕೊಂಡು ಮುಂದೆ ಹೋದರು ಕಣೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮನುಷ್ಯರು ನಡೆಯುವ ವೇಗಕ್ಕಿಂತ ಹೆಚ್ಚಿನ ವೇಗವೊಂದು ಕಾರಿಗೆ ಇದೆ ಎನ್ನುವುದನ್ನೇ ಅವರ ಪಾಠದಲ್ಲಿ ಸೇರಿಸಿರಲಿಲ್ಲ. ನಗು ಮುಗಿದ ಮೇಲೆ ನಿಜವಾದ ಸಮಸ್ಯೆ ಎದುರಿಗೆ ಬಂತು. ಬೀಗಿತ್ತಿಗೆ ಬೇರೆ ಯಾರ ಪಾಠವೂ ಬೇಡ. ದೊಡ್ಡ ರಸ್ತೆಗೆ ಹೋಗಬೇಕೆಂದರೆ ಲೈಸೆನ್ಸು ಇರುವವರು ಪಕ್ಕದಲ್ಲಿ ಕೂರಬೇಕು. ಕೂರಬೇಕು! ಹಾರ್ನಕ್ಕ ಊಟಕ್ಕೂ ನಿಂತುಕೊಂಡೇ ಇದ್ದ ಕಾಲ ಅದು. ಕೂತರೆ ನೋವು ಬರುತ್ತಿತ್ತೋ ಇಲ್ಲವೋ, ಬಂದೀತೆಂಬ ಭಯದಿಂದ ಕುರ್ಚಿಯ ಹತ್ತಿರವೇ ಸುಳಿಯುತ್ತಿರಲಿಲ್ಲ.

ಬೀಗಿತ್ತಿ ಟವೆಲೊಂದನ್ನು ಮಡಿಸಿ ಸೀಟಿನ ಹಿಂಭಾಗ ಸ್ವಲ್ಪ ಎತ್ತರವಾಗುವಂತೆ ಇಟ್ಟಳು. "ನೋವಾದ ತಕ್ಷಣ ಹೇಳು. ನಿಲ್ಲಿಸ್ತೀನಿ, ಇಳಿದು ನಡಿ. ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ."

ಹಾರ್ನಕ್ಕ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಮೊದಲ ತಿರುವಿನವರೆಗೆ ಅವಳ ಗಮನವೆಲ್ಲ ಸೊಂಟದ ಮೇಲೆ. ದೊಡ್ಡ ರಸ್ತೆಗೆ ಬಂದ ಮೇಲೆ ಅದಕ್ಕೆ ಪುರುಸೊತ್ತಿರಲಿಲ್ಲ. "ಕನ್ನಡಿ ನೋಡು. ಆ ಲಾರಿಗೆ ದಾರಿ ಕೊಡು. ಈಗ ಮೂರನೇ ಗೇರು. ಹೆದರಬೇಡ, ಕಾಲು ಒತ್ತು. ಇನ್ನೂ. ಈಗ ನಾಲ್ಕು!" ಬೀಗಿತ್ತಿ ನಾಲ್ಕನೇ ಗೇರನ್ನು ಜೀವನದಲ್ಲಿ ಮೊದಲ ಸಲ ಹಾಕಿದಳು. ಕಾರಿನ ಗುಡುಗುಡು ಸದ್ದು ಇದ್ದಕ್ಕಿದ್ದಂತೆ ನುಣ್ಣಗಾಯಿತು. ತೆರೆದ ಕಿಟಕಿಯಿಂದ ಗಾಳಿ ನುಗ್ಗಿ ಅವಳ ಬಿಗಿಯಾದ ತುರುಬನ್ನು ಬಿಚ್ಚಿಹಾಕಿತು. ಮರಗಳು ಹಿಂದಕ್ಕೆ ಓಡಿದವು. "ಅಯ್ಯೋ! ಅಯ್ಯೋ ಅಯ್ಯೋ!" ಎಂದು ಅವಳು ಕೂಗತೊಡಗಿದಳು. ಅದು ಹೆದರಿಕೆಯ ಕೂಗಲ್ಲ. ಹಾರ್ನಕ್ಕನೂ ದನಿಗೂಡಿಸಿದಳು. ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದವರು ನೆಟ್ಟಗಾಗಿ ನೋಡಿದರು.

ತಿರುಗಬೇಕಾದ ಜಾಗ ಯಾವಾಗಲೋ ದಾಟಿಹೋಗಿತ್ತು. ನದಿಯೂ ದಾಟಿತು. ಇಬ್ಬರಿಗೂ ಗುರುತಿಲ್ಲದ ಒಂದು ಊರಿನ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ, ಬೀಗಿತ್ತಿ ಕಾರು ನಿಲ್ಲಿಸಿದಳು. ಎಂಜಿನ್ ಆರಿಸಿದ ಮೇಲೆ ಕಿವಿಯಲ್ಲಿ ಗಾಳಿಯ ಸದ್ದು ಇನ್ನೂ ಉಳಿದಿತ್ತು. ಆಗ ಅವಳಿಗೆ ನೆನಪಾಯಿತು.

"ಅಯ್ಯೋ, ಕೇಳೋದೇ ಮರೆತೆ! ಕಾಲು ಹೇಗಿದೆ?"

"ಯಾವ ಕಾಲು?" ಅಂದಳು ಹಾರ್ನಕ್ಕ.

ತಾನೇ ಹೇಳಿದ್ದು ತನಗೆ ಆಮೇಲೆ ಕೇಳಿಸಿದ ಹಾಗೆ ಮೆಲ್ಲಗೆ ಕೆಳಗೆ ನೋಡಿದಳು. ಬಲಗಾಲು ಎಡಗಾಲಿನ ಪಕ್ಕದಲ್ಲಿ, ಏನೂ ಆಗಿಯೇ ಇಲ್ಲವೆಂಬಂತೆ, ಆರಾಮಾಗಿ ಚಾಚಿಕೊಂಡಿತ್ತು. ಪಾದ ಎತ್ತಿದಳು, ಇಳಿಸಿದಳು. ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತಿದಳು. ಒಂದು ಸಣ್ಣ ಬಿಗಿತ ಇತ್ತು, ಅಷ್ಟೇ. ತಂತಿ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಬೀಗಿತ್ತಿ ಕೆದರಿದ ಕೂದಲಲ್ಲೇ ಬಗ್ಗಿ ಅವಳ ಮಂಡಿಯ ಮೇಲೆ ಕೈಯಿಟ್ಟಳು. ಇಬ್ಬರೂ ಇಳಿದು, ಏರಿಯ ಮೇಲೆ ಕೈ ಕೈ ಹಿಡಿದುಕೊಂಡು ಸ್ವಲ್ಪ ದೂರ ನಡೆದರು. ಹಿಂದಿರುಗುವಾಗ ದಾರಿ ತಪ್ಪಿ ಇನ್ನೊಂದು ಊರನ್ನೂ ನೋಡಿಕೊಂಡು ಬಂದರು.

ಬೀಗಿತ್ತಿ ಎರಡನೇ ಸಲಕ್ಕೆ ಪಾಸಾದಳು. ಈ ಸಲ ಪರೀಕ್ಷಿಸುವವರೇ "ಸ್ವಲ್ಪ ನಿಧಾನ ಅಮ್ಮಾ" ಅಂದರಂತೆ. ಹಾರ್ನಕ್ಕನ ಕಾಲನ್ನು ಮತ್ತೊಮ್ಮೆ ಎತ್ತಿಳಿಸಿ ನೋಡಿದ ಡಾಕ್ಟರಮ್ಮ, ಮೊದಲು ಚಿಕ್ಕ ಪಾಳಿ, ಪ್ರತಿ ಕೊನೆಯ ನಿಲ್ದಾಣದಲ್ಲಿ ಇಳಿದು ಮೈ ಸಡಿಲಿಸಬೇಕು ಎಂಬ ಷರತ್ತಿನ ಮೇಲೆ ಬಸ್ಸು ಕೊಟ್ಟರು. ಹಾರ್ನಕ್ಕ ಬಸ್ಸಿನ ಮೆಟ್ಟಿಲ ಮೇಲೆ ಹಿಮ್ಮಡಿ ಇಟ್ಟು ಬಗ್ಗಿ ತೊಡೆಯ ಹಿಂಭಾಗ ಹಿಗ್ಗಿಸುವುದನ್ನು ನೋಡಿ ಕಂಡಕ್ಟರು ಮೊದಲು ನಕ್ಕ, ಆಮೇಲೆ ತಾನೂ ಮಾಡಿದ. ಈಗ ಆ ನಿಲ್ದಾಣದಲ್ಲಿ ಡ್ರೈವರುಗಳೆಲ್ಲ ಸಾಲಾಗಿ ಕೊಕ್ಕರೆಗಳ ಹಾಗೆ ಒಂದೊಂದು ಕಾಲೆತ್ತಿ ನಿಂತಿರುತ್ತಾರೆ.

ರಜೆಯ ದಿನ ಸಾಸಿವೆ ಬಣ್ಣದ ಕಾರು ಅಳಿಯನ ಕೈಗೆ ಸಿಗುವುದಿಲ್ಲ. ಮೊನ್ನೆ ಮಗಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಿದ್ದರು. ಮುಂದೆ ಒಬ್ಬಳು "ಗೇರು ಬದಲಾಯಿಸೇ" ಅನ್ನುತ್ತಿದ್ದಳು, ಇನ್ನೊಬ್ಬಳು "ನೆಟ್ಟಗೆ ಕೂತ್ಕೊಳ್ಳೇ, ಸೊಂಟ ಸೊಟ್ಟಗಿದೆ" ಅನ್ನುತ್ತಿದ್ದಳು. ಮಗಳು ಗಂಡನಿಗೆ ಫೋನ್ ಮಾಡಿ ಪಿಸುಗುಟ್ಟಿದಳು.

"ರೀ, ಇವರಿಬ್ಬರೂ ಒಂದಾಗಿಬಿಟ್ಟಿದಾರೆ. ಇಲ್ಲಿ ನನ್ನ ಮಾತು ಕೇಳೋರೇ ಇಲ್ಲ. ಎಲ್ಲಿಗೆ ಹೋಗ್ತಿದ್ದೀವಿ ಅಂತಾನೂ ಹೇಳ್ತಿಲ್ಲ!"

"ಗೊತ್ತಿದ್ರೆ ತಾನೇ ಹೇಳೋದು?" ಅಂದರು ಮುಂದಿನಿಂದ ಇಬ್ಬರೂ ಒಟ್ಟಿಗೆ. ಕಾರು ನಾಲ್ಕನೇ ಗೇರಿಗೆ ಏರಿತು.